ಮಷೀನಿಗೊಂದು ಕುಂಚಿಗೆ

ಈಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ, ನಾಳೆ ಡಾಕ್ಟರು ನನ್ನ ಹೊಟ್ಟೆಯ ಮೇಲೆ ಮಷೀನು ಇಟ್ಟಾಗ ಅವಳಿ ಕೂಸು ಕಾಣಲಿ. ನನಗೆ ನಲವತ್ತೊಂಬತ್ತು ವರ್ಷ. ಗಂಡ ತೀರಿಕೊಂಡು ಹನ್ನೊಂದು ವರ್ಷ. ಇದಕ್ಕಿಂತ ದೊಡ್ಡ ಆಣೆ ನನ್ನ ಹತ್ತಿರ ಇಲ್ಲ.

ಇದೇ ಆಣೆಯನ್ನು ಮೊನ್ನೆ ತೇರದಾಳದ ಶೀತಲ್ ಮುಂದೆಯೂ ಮಾಡಿದೆ. ಬನಹಟ್ಟಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಆಯಾ, ಹೆಸರು ಸುಂದರವ್ವ. ಶೀತಲ್ ಫೈಲನ್ನು ಎದೆಗೆ ಅವುಚಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ತಿಂಗಳಿಗೆ ಎರಡೆರಡು ಸಲ ಹೊರಗಾಗುತ್ತಿದ್ದಳಂತೆ, ಒಳಗೆ ಕೋಲು ಇಟ್ಟು ಸ್ಕ್ಯಾನ್ ಮಾಡಿಸಬೇಕೆಂದು ಅವರ ಡಾಕ್ಟರು ಬರೆದುಕೊಟ್ಟಿದ್ದರು. ಆಗಲೇ ಎರಡು ಸಲ ಎದ್ದು ಮೆಟ್ಟಿಲಿನ ತನಕ ಹೋಗಿ ಬಂದಿದ್ದಳು. ಮೂರನೆಯ ಸಲ ಹೋದರೆ ಬಸ್ಸು ಹತ್ತುವವಳೇ ಎಂದು ನನಗೆ ಗೊತ್ತಾಯಿತು.

“ಅಕ್ಕಾರ, ಆ ಕೋಲು ಎಲ್ಲಾರಿಗೂ ಅದ ಒಂದೇನ್ರಿ?”

“ಮತ್ತೇನು, ಒಬ್ಬೊಬ್ಬರಿಗಿ ಒಂದೊಂದು ಕೊಟ್ಟು ಮನಿಗೆ ಕಳಸಾಕ ಅದೇನು ಹಲ್ಲುಜ್ಜೂ ಬ್ರಶ್ಶೇನು?”

“ಅಲ್ರಿ, ನನ್ನ ಮುಂದ ಹೋದಾಕಿಗೆ ಏನರೆ ರೋಗ ಇದ್ರ?”

“ಕುಂದ್ರು,” ಎಂದೆ. “ಮುತ್ತವ್ವಂದು ಹೇಳ್ತೇನಿ. ಆಮ್ಯಾಲೆ ಹೋಗಾಕಿ ಹೋಗು.”

ಎರಡು ಸಾವಿರದ ಆರನೇ ಇಸವಿ, ಆಗಸ್ಟ್ ಹದಿನಾರು. ಆಗ ಡಾಕ್ಟರ್ ಪರಮಾನಂದರು ಮಿರಜ ಕಡೆಯಿಂದ ಒಂದು ಮಷೀನನ್ನು ಸೆಕೆಂಡ್ ಹ್ಯಾಂಡಿಗೆ ತಂದಿದ್ದರು. ಚಾಲೂ ಮಾಡಿದ ಕೂಡಲೇ ಅದು ಮೊದಲು ಮರಾಠಿಯಲ್ಲಿ ಕೆಮ್ಮುತ್ತಿತ್ತು, ಆಮೇಲೆ ಚಿತ್ರ ತೋರಿಸುತ್ತಿತ್ತು. ಅವತ್ತು ಚಿಮ್ಮಡದಿಂದ ಮುತ್ತವ್ವ ಬಂದಳು. ಇಪ್ಪತ್ತೆರಡು ವರ್ಷದ ಹುಡುಗಿ, ಕುರುಬರ ಮನೆಯ ಸೊಸೆ. ಗಂಡ ಕುರಿ ಹೊಡೆದುಕೊಂಡು ಬೀಳಗಿ ಕಡೆ ಹಿನ್ನೀರಿನ ದಂಡೆಗೆ ಹೋಗಿದ್ದನಾದ್ದರಿಂದ ಮಾವ ಹುಲೆಪ್ಪ ಜೊತೆಗೆ ಬಂದಿದ್ದ. ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಬೀರಪ್ಪನ ಭಂಡಾರದ ಅರಿಸಿನ.

ಮುತ್ತವ್ವನ ಕೈಯಲ್ಲಿ ಒಂದು ಚೀಟಿ ಇತ್ತು. ಹದಿನೈದು ದಿನದ ಹಿಂದೆ ಬೇರೆ ಯಾವುದೋ ಊರಲ್ಲಿ ಸ್ಕ್ಯಾನ್ ಮಾಡಿಸಿದ್ದಳು. ಗರ್ಭದ ಚೀಲ ಇದೆ, ಒಳಗೆ ಕೂಸು ಇಲ್ಲ ಎಂದು ಅದರಲ್ಲಿ ಬರೆದಿತ್ತು. ತೊಳೆದು ತೆಗೆಸಲು ತಾರೀಖೂ ಕೊಟ್ಟಿದ್ದರು. ಮರುದಿನ ಬೆಳಗ್ಗೆ ಎಂಟು ಗಂಟೆಗೆ. ಆದರೆ ಮುತ್ತವ್ವನಿಗೆ ಬೆಳಗಾದರೆ ಬರುವ ವಾಂತಿ ನಿಂತಿರಲಿಲ್ಲ. ಮನೆಯವರ ಕೈಕಾಲು ಹಿಡಿದು, ಇನ್ನೊಂದು ಕಡೆ ನೋಡಿಸೋಣವೆಂದು ಒಂದೇ ಒಂದು ದಿನ ಬೇಡಿಕೊಂಡು ಬಂದಿದ್ದಳು. ಅವತ್ತು ನಮ್ಮ ಮಷೀನು ಏನಾದರೂ ಹೇಳಬೇಕು, ಇಲ್ಲವಾದರೆ ಮರುದಿನ ಎಂಟಕ್ಕೆ ಎಲ್ಲ ಮುಗಿಯಿತು.

ಒಳಗೆ ಕರೆದು ಮೇಜಿನ ಮೇಲೆ ಮಲಗಿಸಿದೆ. ಡಾಕ್ಟರು ಕೋಲು ಕೈಗೆತ್ತಿಕೊಂಡರು. ಮುತ್ತವ್ವ ಎದ್ದು ಕೂತಳು.

“ಡಾಕ್ಟ್ರ, ಅದನ್ನ ತೊಳದೀರೇನ್ರಿ?”

“ಎಂಟು ವರ್ಷ ಆತವಾ ನಾ ಈ ಕೆಲಸ ಮಾಡಾಕ ಹತ್ತಿ. ಇಲ್ಲೀತನಾ ಯಾರೂ ಹಿಂಗ ಕೇಳಿಲ್ಲ.”

“ಅದಕ್ಕ ನಾ ಕೇಳಾಕತ್ತೇನಿ.”

“ಸ್ಪಿರಿಟ್ ಹಚ್ಚಿ ಒರಸೀನಿ.”

“ಯಾವಾಗ?”

“ಮುಂಜಾನೆ.”

“ಮುಂಜಾನಿಂದ ಎಷ್ಟ್ ಮಂದಿ ಆದ್ರು?”

ಡಾಕ್ಟರು ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ. ಫ್ಯಾನು ತಿರುಗುತ್ತಿರಲಿಲ್ಲ, ಆದರೂ ಬಹಳ ಹೊತ್ತು ನೋಡಿದೆ.

“ಹಂಗಲ್ಲವಾ,” ಎಂದರು ಡಾಕ್ಟರು, “ಪ್ರತಿಯೊಬ್ಬಾಕಿಗೂ ಹೊಸಾ ಕವರ್ ಹಾಕ್ತೀವಿ.”

“ಹಾಕ್ರಿ ಹಂಗಾರ, ನೋಡೂಣು.”

ಡಾಕ್ಟರು ಡಬ್ಬಿಯೊಳಗೆ ಕೈ ಹಾಕಿದರು. ಕೈ ತಳಕ್ಕೆ ಹೋಯಿತು. ಡಬ್ಬಿ ಖಾಲಿ. ಕಾರಣ ನನಗೊಬ್ಬಳಿಗೆ ಗೊತ್ತಿತ್ತು. ಹಿಂದಿನ ದಿನ ಸ್ವಾತಂತ್ರ್ಯ ದಿನವೆಂದು ಕಂಪೌಂಡರ್ ಬಾಳು ಬಾಗಿಲ ತುಂಬ ಪುಗ್ಗಾ, ಅಂದರೆ ಬಲೂನು, ಕಟ್ಟಿದ್ದ. ಕೇಸರಿ ಮತ್ತು ಹಸಿರು ಅಂಗಡಿಯಲ್ಲಿ ಸಿಕ್ಕಿದ್ದವು. ಬಿಳಿ ಸಿಕ್ಕಿರಲಿಲ್ಲ.

ಆ ಬಾಳುವಾದರೂ ಇದ್ದನೇ ಎಂದರೆ, ಚಿತ್ರ ತೆಗೆಯುವ ಕಾಗದದ ಸುರುಳಿ ತರಲು ಮುಧೋಳಕ್ಕೆ ಹೋಗಿದ್ದ.

“ಹ್ಯಾಂಡ್‌ಗ್ಲೌಸಿನ ಬೆರಳು ಕತ್ತರಿಸಿ ಹಾಕೂಣೇನು?” ಎಂದರು ಡಾಕ್ಟರು.

“ಆ ಕಿಟಕ್ಯಾಗ ಹಗ್ಗದ ಮ್ಯಾಲೆ ಒಣಗಾಕತ್ತಾವಲ್ರಿ, ಅವೇನು?”

“ಹೌದು.”

“ಬ್ಯಾಡ.”

ಮುತ್ತವ್ವ ಸೀರೆಯನ್ನು ಮೊಣಕಾಲಿನ ಕೆಳಗೆ ಎಳೆದುಕೊಂಡಳು. “ಡಾಕ್ಟ್ರ, ಹೋದ ಸಲ ಹೋದಲ್ಲಿ ನನ್ನ ಮುಂದಿನಾಕಿ ಇಳದ್ಲು, ನಾ ಹತ್ತಿದೆ. ಕೋಲಿನ ಮ್ಯಾಲಿನ ಹಸಿ ಆರಿರಲಿಲ್ಲ. ನಾ ಬಾಯಿ ಮುಚಗೊಂಡ ಮಲಗಿದೆ. ಮನಿಗೆ ಹೋದ ಮ್ಯಾಲೆ ಹತ್ತ ದಿನ ಉರಿ, ತುರಿಕಿ, ಜ್ವರ. ಕೇಳಿದ್ರ ನಮ್ಮ ಕೋಲಿಂದಲ್ಲ, ನಿನ್ನ ಗಂಡನಿಂದ ಬಂದಿದ್ದೀತು ಅಂದ್ರು. ಅಂವ ತಿಂಗಳ ಮ್ಯಾಲಾತು ಕುರಿ ಹಿಂದ ಅದಾನ. ಅಲ್ಲಿಂದ ನನಗ ಹೆಂಗ ಕಳಸ್ತಾನ್ರಿ, ಮನಿಯಾರ್ಡರ್ ಮಾಡ್ತಾನೇನು?”

ಡಾಕ್ಟರು ಖಾಲಿ ಡಬ್ಬಿಯ ಮುಚ್ಚಳ ಹಾಕಿದರು.

“ನಮ್ಮಪ್ಪ ಒಂದ ಕುರಿ ಈಯಿಸಿ ಇನ್ನೊಂದ ಕುರಿ ಮುಟ್ಟೂಕಿಂತ ಮೊದಲ ಬೇವಿನ ನೀರಾಗ ಮೊಣಕೈತನಾ ತೊಳಕೊಂತಿದ್ದ. ಒಂದ ವರ್ಷ ಆಳಮನಷ್ಯಾ ತೊಳೀಲಿಲ್ಲ, ಹನ್ನೊಂದ ಕುರಿ ಕಂದ ಹಾಕಿದ್ವು. ಕುರಿಗಿ ಮಾಡೂವಷ್ಟರೆ ನನಗ ಮಾಡ್ರಿ. ಇಲ್ಲಿ ಕೋಲ ಸ್ವಚ್ಛ ಮಾಡಾಕ ಯಾರಿಗೂ ಪುರುಸೊತ್ತಿಲ್ಲ, ನಾಳಿ ನನ್ನ ಚೀಲ ಸ್ವಚ್ಛ ಮಾಡಾಕ ಮಾತ್ರ ಎಂಟಕ್ಕ ತಯಾರ ಕುಂತಾರ.”

“ಸುಂದರವ್ವಾ,” ಎಂದರು ಡಾಕ್ಟರು, “ಒಂದು ಕವರ್ ತರಸು.”

ನಾನು ಹೋಗುವಂತಿಲ್ಲ. ಒಳಗೆ ಹೆಣ್ಣುಮಗಳು ಮಲಗಿರುವಾಗ ಗಂಡು ಡಾಕ್ಟರೊಬ್ಬರನ್ನೇ ಬಿಟ್ಟು ಆಯಾ ಹೊರಗೆ ಹೋಗಬಾರದು, ಅದು ನಮ್ಮಲ್ಲಿಯ ಕಟ್ಟುನಿಟ್ಟು. ಬಾಗಿಲನ್ನು ಅರ್ಧ ಗೇಣು ತೆಗೆದು ಹೊರಗೆ ನೋಡಿದೆ. ಹನ್ನೆರಡು ಜನ ಹೆಣ್ಣುಮಕ್ಕಳು ಹೊಟ್ಟೆ ಸ್ಕ್ಯಾನಿಗೆಂದು ತಂಬಿಗೆಗಟ್ಟಲೆ ನೀರು ಕುಡಿದು, ಕಾಲಿಗೆ ಕಾಲು ಹೆಣೆದುಕೊಂಡು, ನಗಿಸಿದರೆ ಅನಾಹುತ ಆಗುವ ಸ್ಥಿತಿಯಲ್ಲಿ ಕೂತಿದ್ದರು. ಕೂತ ಗಂಡಸು ಹುಲೆಪ್ಪ ಒಬ್ಬನೇ.

ಶೀತಲ್, ಆ ಕವರ್ ಎಂದರೆ ಏನು ಎಂದು ನಿನಗೆ ಗೊತ್ತು. ನಿರೋಧ್. ಸರಕಾರಿ ಆಸ್ಪತ್ರೆಯ ಗೋಡೆಯ ಮೇಲೆ ತಿಪ್ಪೆಯಷ್ಟು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಅದೇ. ಬರೆಯುವವರಿಗೇನು, ಗೋಡೆಗೆ ಮಾವ ಇರುವುದಿಲ್ಲ. ಅರವತ್ತೈದರ ಹಿರಿಯನಿಗೆ, ನಿನ್ನ ಸೊಸೆಯ ಸಲುವಾಗಿ ಅದನ್ನು ತಾ ಎಂದು ಹನ್ನೆರಡು ಜನರ ನಡುವೆ ಹೇಗೆ ಹೇಳಲಿ? ಒಳಗಿನವರು ನಾವು ಅದಕ್ಕೆ ಒಂದು ಗುಟ್ಟಿನ ಹೆಸರು ಇಟ್ಟುಕೊಂಡಿದ್ದೆವು. ಕೂಸಿನ ತಲೆಗೆ ಹಾಕಿ ಬೆನ್ನಿನ ಮೇಲೆ ಇಳಿಬಿಡುವ ಟೊಪ್ಪಿಗೆ ಇದೆಯಲ್ಲ, ಕುಂಚಿಗೆ, ಅದು. ಕೋಲಿಗೆ ತಲೆಯಿಂದ ಹಾಕುತ್ತೇವೆ, ಕೆಳಗೆ ಇಳಿಬಿಡುತ್ತೇವೆ. ಹೆಸರು ನಾನೇ ಇಟ್ಟಿದ್ದು. ಬಾಯಿಗೆ ಅದೇ ಬಂದುಬಿಟ್ಟಿತು.

“ಯಜಮಾನ್ರ, ಲಗೂನ ಕೆಳಗ ಅಂಗಡಿಗೆ ಹೋಗಿ ಒಂದ ಕುಂಚಿಗಿ ತರ್ರಿ. ಹೊಸಾದ ಇರಲಿ. ಡಾಕ್ಟ್ರು ಅವಸರ ಮಾಡಾಕತ್ತಾರ.”

ಹುಲೆಪ್ಪ ಎದ್ದು ನಿಂತ. ಮುಖದ ಮೇಲೆ ಭಂಡಾರ ಇನ್ನಷ್ಟು ಹಳದಿಯಾದಂತೆ ಕಂಡಿತು.

“ಕುಂಚಿಗಿ? ಈಗ?”

“ಈಗ.”

“ಎರಡ ತಿಂಗಳಿಗೇನ?”

“ಅದನ್ನ ಹಾಕದ ಒಳಗ ನೋಡಾಕ ಬರೂದಿಲ್ರಿ.”

ಅವನಿಗೆ ಏನು ತಿಳಿಯಿತೋ. ಹೆಜ್ಜೆಗೆ ಮೂರು ಮೂರು ಮೆಟ್ಟಿಲು ಇಳಿದ. ಕೆಳಗೆ ಎರಡು ಅಂಗಡಿ: ಎಡಕ್ಕೆ ಔಷಧ, ಬಲಕ್ಕೆ ಅರಿವೆ. ಯಾವ ಅಂಗಡಿ ಎಂದು ನಾನು ಹೇಳಿರಲಿಲ್ಲ, ಕುಂಚಿಗೆ ಎಂದ ಮೇಲೆ ಅವನು ಕೇಳಲೂ ಇಲ್ಲ.

ಐದು ನಿಮಿಷಕ್ಕೆ ತಿರುಗಿ ಬಂದ. ಕೈಯಲ್ಲಿ ಕೆಂಪು ಸ್ಯಾಟಿನ್ನಿನ ಕುಂಚಿಗೆ, ಅಂಚಿಗೆ ಜರಿ. ಜೀವಮಾನವಿಡೀ ಕುರಿಗಳ ಜೊತೆ ಮಾತಾಡಿದ ದನಿ ಅವನದು. ಬಾಗಿಲ ಮುಂದೆ ನಿಂತು ಕೂಗಿದ:

“ತಂಗೀ, ಅಂಗಡ್ಯಾಂವ ಗಂಡಿಗೋ ಹೆಣ್ಣಿಗೋ ಅಂತ ಕೇಳಿದ. ನನಗ ಹೇಳಾಕ ಬರಲಿಲ್ಲ. ಕೆಂಪ ತಂದೀನಿ. ಗಂಡಿದ್ರ ಹೇಳ್ರಿ, ಬದ್ಲಿ ಮಾಡ್ಸಿ ಹಸರ ತರ್ತೀನಿ.”

ಅವನು ನಿಂತದ್ದು ಬೋರ್ಡಿನ ಕೆಳಗೆ. ಹುಟ್ಟುವ ಕೂಸು ಗಂಡೋ ಹೆಣ್ಣೋ ಎಂದು ಇಲ್ಲಿ ಹೇಳುವುದಿಲ್ಲ, ಕೇಳುವುದೂ ಅಪರಾಧ ಎಂದು ಬರೆದ ಬೋರ್ಡು.

ಬೆಂಚಿನ ಕೊನೆಯಲ್ಲಿ ತಲೆ ತುಂಬ ಸೆರಗು ಹೊದ್ದು ಕೂತಿದ್ದ ಹೆಂಗಸೊಬ್ಬಳು ದಡಕ್ಕನೆ ಎದ್ದಳು. ಸೆರಗು ಜಾರಿತು. ಕುತ್ತಿಗೆಯಲ್ಲಿ ಸರಕಾರದ ಗುರುತಿನ ಚೀಟಿ. ಅನುರಾಧಾ ಮೇಡಮ್ಮ, ಸ್ಕ್ಯಾನಿಂಗ್ ಸೆಂಟರುಗಳ ತಪಾಸಣೆಯವರು. ಬಸುರಿಯ ವೇಷದಲ್ಲಿ ಬೆಳಗಿನಿಂದ ಕೂತಿದ್ದರು. ವೇಷ ಖರೆ ಅನಿಸಬೇಕೆಂದು ನಾನು ಕೊಟ್ಟ ನಾಲ್ಕು ತಂಬಿಗೆ ನೀರನ್ನೂ ಕುಡಿದಿದ್ದರು. ಹೀಗಾಗಿ ದಾಳಿ ಮಾಡಲು ಬಂದವರು ಪೂರ್ತಿ ನೆಟ್ಟಗೆ ನಿಲ್ಲಲು ಆಗದೆ, ಸ್ವಲ್ಪ ಬಗ್ಗಿಯೇ ದಾಳಿ ಮಾಡಿದರು.

“ಮಷೀನ್ ಬಂದ್ ಮಾಡ್ರಿ. ಯಾರೂ ಏನೂ ಮುಟ್ಟಬ್ಯಾಡ್ರಿ.”

“ಯಾಕ್ರಿ ಮೇಡಂ?” ಡಾಕ್ಟರ ದನಿ ಸಣ್ಣದಾಯಿತು.

“ಒಂದೂರಾಗ ಲಾಡು ಅಂದ್ರ ಗಂಡು, ಜಿಲೇಬಿ ಅಂದ್ರ ಹೆಣ್ಣು. ಎಲ್ಲಾ ನೋಡೀನಿ ನಾನು. ನಿಮ್ಮಲ್ಲಿ ಕುಂಚಿಗಿನೋ?”

“ಮೇಡಂ, ಕುಂಚಿಗಿ ಅಂದ್ರ ಮಷೀನಿಗೆ ಹಾಕೂ ಕವರ್ರಿ.”

“ತೋರಸ್ರಿ.”

ಡಾಕ್ಟರು ಖಾಲಿ ಡಬ್ಬಿ ತೋರಿಸಿದರು. ಮೇಡಮ್ಮ ಖಾಲಿ ಡಬ್ಬಿ ನೋಡಿದರು, ಹುಲೆಪ್ಪನ ಕೈಯಲ್ಲಿದ್ದ ಕೆಂಪು ಸ್ಯಾಟಿನ್ ನೋಡಿದರು, ಡಾಕ್ಟರ ಕೈಯಲ್ಲಿದ್ದ ಕೋಲು ನೋಡಿದರು. ಕೋಲಿಗೆ ಜರಿ ಅಂಚಿನ ಕುಂಚಿಗೆ ಹಾಕಿದರೆ ಹೇಗೆ ಕಾಣುತ್ತದೆ ಎಂದು ಮನಸ್ಸಿನಲ್ಲೇ ಒಮ್ಮೆ ಹಾಕಿ ನೋಡಿರಬೇಕು. ಪರ್ಸಿನಿಂದ ಅರಗು ತೆಗೆದರು.

“ಮಷೀನ್ ಸೀಲ್ ಮಾಡ್ತೀನಿ.”

ಆಗ ಪರದೆಯ ಹಿಂದಿನಿಂದ ಮುತ್ತವ್ವ ಮಾತಾಡಿದಳು. ಅವಳು ಇನ್ನೂ ಮೇಜಿನ ಮೇಲೆಯೇ ಕೂತಿದ್ದಳು.

“ಅಕ್ಕಾರ, ಅದು ನಿರೋಧ್ ಐತ್ರಿ. ಆ ಆಯಾಗ ನಮ್ಮ ಮಾವನ ಮುಂದ ಹೇಳಾಕ ನಾಚಿಕಿ ಬಂದೈತಿ. ನೀವು ಸೀಲ್ ಮಾಡ್ರಿ, ಬ್ಯಾಡನ್ನೂದಿಲ್ಲ, ನನ್ನದೊಂದು ನೋಡಿದ ಮ್ಯಾಲೆ ಮಾಡ್ರಿ. ನಾಳಿ ಎಂಟಕ್ಕ ನನ್ನ ಹೊಟ್ಟಿ ತೊಳಸ್ತಾರ. ಒಳಗ ಜೀವ ಐತೋ ಇಲ್ಲೋ ನನಗ ಇವತ್ತ ಗೊತ್ತಾಗಬೇಕು. ಖರೆ, ಕವರ್ ಇಲ್ಲದ ಆ ಕೋಲು ನನ್ನ ಹಂತ್ಯಾಕ ಬರೂದಿಲ್ಲ. ಜೀವ ಇದ್ರ ಅದಕ್ಕೂ ಆ ರೋಗ ಹಚ್ಚಾಕ ನಾ ತಯಾರಿಲ್ಲ.”

ಆ ಶಬ್ದ ಬಾಗಿಲು ದಾಟಿ ಹುಲೆಪ್ಪನ ಕಿವಿಗೆ ಬಿದ್ದಿತು. ನಾನು ನೆಲದ ಫರಸಿ ಎಣಿಸಲು ಶುರು ಮಾಡಿದೆ.

“ನಿರೋಧೇನ?” ಎಂದ ಹುಲೆಪ್ಪ ಹೊರಗಿನಿಂದ. “ಅದನ್ನ ಮೊದಲ ಹೇಳಬೇಕಿಲ್ಲವಾ? ನನ್ನ ಚಂಚ್ಯಾಗ ಅದಾವು.”

ಎಲೆ ಅಡಿಕೆ ತಂಬಾಕಿನ ಚಂಚಿ ಬಿಚ್ಚಿದ. ಮೂರು ಪಾಕೀಟು ತೆಗೆದು, ತಾನು ಗೋಡೆಯ ಕಡೆ ಮುಖ ಮಾಡಿ, ಕೈಯನ್ನಷ್ಟೇ ಬಾಗಿಲೊಳಗೆ ಚಾಚಿದ.

“ಅಜ್ಜಾರ, ಇವು ನಿಮ್ಮ ಹಂತ್ಯಾಕ ಯಾಕ್ರಿ?” ಎಂದರು ಮೇಡಮ್ಮ.

“ಮಳ್ಯಾಗ ಕಡ್ಡಿಪೆಟ್ಟಿಗಿ ತೋಯಬಾರದಂತ ಇದರಾಗ ಹಾಕಿ ಗಂಟ ಹೊಡದ ಇಡ್ತೀವಿ. ಕುರಿಗಾರರೆಲ್ಲಾ ಇಡ್ತಾರ. ಆರೋಗ್ಯದಾಕಿ ಬಂದ ಬಂದ ಕೊಡ್ತಾಳ, ನಾವ ಬೇಡಿ ಬೇಡಿ ಇಸಕೊಂತೀವಿ. ಪಾಪ, ಹಿಂಗ ಇಸಕೊಂಡೂ ಚಿಮ್ಮಡದಾಗ ಕೂಸ ಯಾಕ ಕಮ್ಮಿ ಆಗವಲ್ಲವು ಅಂತ ಆಕಿಗಿ ಚಿಂತಿ.”

ಮೇಡಮ್ಮ ಪಾಕೀಟನ್ನು ಬೆಳಕಿಗೆ ಹಿಡಿದು ತಾರೀಖು ಓದಿದರು. ಎರಡು ಸಾವಿರದ ಎಂಟರ ತನಕ ನಡೆಯುತ್ತದೆ. ಸೀಲು ಒಡೆದಿರಲಿಲ್ಲ. ಮುತ್ತವ್ವ ಇಸಕೊಂಡು, ಒತ್ತಿ ನೋಡಿ, ಮೂಸಿ ನೋಡಿ, “ತಂಬಾಕದ ವಾಸನಿ ಹೊರಗಷ್ಟ ಐತಿ,” ಎಂದು ತಿರುಗಿ ಕೊಟ್ಟಳು. ಅರಗು ಪರ್ಸಿಗೆ ಹೋಯಿತು.

ಮುಂದಿನದನ್ನು ಸರಿಯಾಗಿ ಕೇಳು ಶೀತಲ್, ಇದರಲ್ಲಿ ಮಸಾಲೆ ಇಲ್ಲ. ಡಾಕ್ಟರು ಸಾಬೂನು ಹಚ್ಚಿ ಕೈ ತೊಳೆದರು. ಬೆರಳ ಸಂದಿ ಬಿಟ್ಟಿತೆಂದು ಮುತ್ತವ್ವ ಹೇಳಿದಳು, ಮತ್ತೆ ತೊಳೆದರು. ಕೋಲನ್ನು ಮೊದಲು ಒಣ ಹತ್ತಿಯಿಂದ, ಆಮೇಲೆ ಔಷಧ ಹಾಕಿದ ಹತ್ತಿಯಿಂದ ಒರೆಸಿದರು. ಹಿಡಿಯ ತನಕ ಒರೆಸಲು ಮೇಡಮ್ಮ ಹೇಳಿದರು. ಆರುವ ತನಕ ಕಾದೆವು. ಮೇಜಿನ ಹಾಳೆ ನಾನು ಬದಲಿಸಿದೆ. ಹೇಳಿಸಿಕೊಳ್ಳದೆ ಬದಲಿಸಿದೆ ಎಂದು ಹೇಳಬೇಕೆಂದಿದ್ದೆ, ಆದರೆ ಆಣೆ ಮಾಡಿದ್ದೇನೆ, ಮುತ್ತವ್ವ ಹೇಳಿದ ಮೇಲೆ ಬದಲಿಸಿದೆ. ಪಾಕೀಟು ಅವಳ ಕಣ್ಣ ಮುಂದೆ ಒಡೆದರು. ಆಮೇಲೆ ಅವಳು ಮಲಗಿದಳು. ಮೇಡಮ್ಮ, “ಸಂಡಾಸ ಎಲ್ಲೈತವಾ?” ಎಂದು ನನ್ನ ಕಿವಿಯಲ್ಲಿ ಕೇಳಿ, ಸರಕಾರಿ ಚಪ್ಪಲಿಯನ್ನು ಅಲ್ಲೇ ಬಿಟ್ಟು ಓಡಿದರು.

ತೆರೆಯ ಮೇಲೆ ಕರಿ ಚೀಲ ಕಂಡಿತು. ಚೀಲದ ಮೂಲೆಯಲ್ಲಿ ಜೋಳದ ಕಾಳಿನಷ್ಟು ಬೆಳ್ಳಗೆ ಏನೋ. ಅದರ ನಡುವೆ ಮಿಣುಕು.

“ಏನೋ ಮಿಣಕತೈತಿ,” ಎಂದರು ಡಾಕ್ಟರು. ಆಮೇಲೆ ಕುರ್ಚಿಗೆ ಒರಗಿದರು. “ಹೇಳಾಕ ಬರೂದಿಲ್ಲವಾ.”

ಒಂದು ಮಾತು ಹೇಳಲು ಮರೆತೆ. ಅಂಗಡಿಗಳ ಹಿಂದೆ, ನಮ್ಮ ಕೋಣೆಯ ಸರಿಯಾಗಿ ಕೆಳಗೆ, ಇಪ್ಪತ್ನಾಲ್ಕು ಪಾವರಲೂಮಿನ ಶೆಡ್ಡು ಇದೆ. ಅವು ಓಡುವಾಗ ಇಲ್ಲಿ ಎಲ್ಲವೂ ಮಿಣುಕುತ್ತದೆ. ಟೇಬಲ್ಲು ಮಿಣುಕುತ್ತದೆ, ಚಹಾ ಮಿಣುಕುತ್ತದೆ. ಒಮ್ಮೆ ಕಲ್ಲಾದ ಪಿತ್ತಕೋಶವೂ ಕುಣಿದಿತ್ತು.

“ಮಗ್ಗದ್ದೋ ಕೂಸಿಂದೋ ಗೊತ್ತಾಗೂದಿಲ್ಲ,” ಎಂದರು ಡಾಕ್ಟರು.

“ಮಗ್ಗ ನಿಂದರಸ್ರಿ,” ಎಂದಳು ಮುತ್ತವ್ವ.

“ನಾ ಹೇಳಿದ್ರ ಅವರು ಕೇಳೂದಿಲ್ಲವಾ. ಎಂಟು ವರ್ಷ ಆತು ಹೇಳಾಕ ಹತ್ತಿ.”

“ಮಾವಾ,” ಎಂದು ಮುತ್ತವ್ವ ಮಲಗಿದಲ್ಲಿಂದಲೇ ಕೂಗಿದಳು, “ಕೆಳಗಿನ ಮಗ್ಗ ನಿಂದರಸ್ರಿ.”

ಹುಲೆಪ್ಪ ಯಾಕೆ ಎಂದು ಕೇಳಲಿಲ್ಲ. ತನ್ನ ಕುರಿ ಕಾಯುವ ಬಡಿಗೆ ತೆಗೆದುಕೊಂಡು ಇಳಿದ. ಕೆಳಗಿನದನ್ನು ನಾನು ನೋಡಿಲ್ಲ, ನೇಕಾರ ಗಂಗಾರಾಮ ಆಮೇಲೆ ಹೇಳಿದ್ದು. ಮುದುಕ ಶೆಡ್ಡಿನ ನಡುವೆ ನಿಂತು ಬಾಯಿ ಆಡಿಸಿದನಂತೆ. ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಆಗ ಹಿಂಡು ತಿರುಗಿಸಲು ಕುರಿಗಾರರು ಹಾಕುವ ಸಿಳ್ಳೆ ಹಾಕಿದನಂತೆ. ಇಪ್ಪತ್ನಾಲ್ಕು ಮಗ್ಗದವರೂ ತಲೆ ಎತ್ತಿದರು.

“ಐದ ಮಿನಿಟ ನಿಂದರಸ್ರಪಾ,” ಎಂದನಂತೆ. “ಮ್ಯಾಲೆ ನಮ್ಮ ಕೂಸು ಜೀವಂತ ಐತೋ ಇಲ್ಲೋ ನೋಡಾಕತ್ತಾರ. ನಿಮ್ಮ ಮಗ್ಗದ ಎದಿ ಯಾವುದು, ಕೂಸಿನ ಎದಿ ಯಾವುದು ಅವರಿಗಿ ತಿಳೀವಲ್ದು.”

ಒಂದು ನಿಂತಿತು. ಆಮೇಲೆ ಎರಡು. ನಮ್ಮ ಕಾಲ ಕೆಳಗಿನ ನಡುಕ ಒಂದೊಂದಾಗಿ ಕಳಚಿಕೊಂಡು ಹೋಯಿತು. ಎಂಟು ವರ್ಷದಲ್ಲಿ ಮೊದಲ ಸಲ ನಮ್ಮ ಗೋಡೆಗೆ ಗಡಿಯಾರ ಇದೆಯೆಂದು ಕಿವಿಗೆ ಗೊತ್ತಾಯಿತು. ಟೇಬಲ್ಲು ನಿಂತಿತು. ಚಹಾ ನಿಂತಿತು.

ತೆರೆಯ ಮೇಲಿನ ಕಾಳು ಮಿಣುಕುತ್ತಲೇ ಇತ್ತು.

ಡಾಕ್ಟರು ಎಣಿಸಿದರು. ತಪ್ಪಿತೆಂದು ಮತ್ತೆ ಎಣಿಸಿದರು. “ನೂರಾ ಮೂವತ್ತೆಂಟು,” ಎಂದರು. “ಆ ಚೀಟಿ ಹರದ ಒಗಿಯವಾ. ಅವರು ನೋಡಿದಾಗ ಇನ್ನೂ ಕಾಣೂ ಹೊತ್ತ ಆಗಿರಲಿಲ್ಲ.”

ಮುತ್ತವ್ವ ಅಳಲಿಲ್ಲ. ತೆರೆಯ ಕಡೆ ಕತ್ತು ತಿರುಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಅಂದಳು: “ಇನ್ನ ತಗೀರಿ. ಹೊರಗ ಕುಂತಾಕಿಗೆ ಹೊಸಾದ ಹಾಕ್ರಿ. ಮಾವನ ಹಂತ್ಯಾಕ ಇನ್ನೂ ಎರಡ ಅದಾವು.”

ಇಷ್ಟು ಹೇಳಿ ನಾನು ಉಸಿರು ತೆಗೆದುಕೊಂಡೆ. ಶೀತಲ್ ಫೈಲನ್ನು ಎದೆಯಿಂದ ತೊಡೆಯ ಮೇಲೆ ಇಳಿಸಿದ್ದಳು.

“ಕೂಸು ಆತೇನ್ರಿ?” ಎಂದಳು.

“ಆತು. ಹೆಣ್ಣು. ಈಗ ಎರಡನೇ ಕ್ಲಾಸ ಓದತೈತಿ.”

“ಈಗ ಕೋಲು ತೊಳೀತಾರೇನ್ರಿ?”

“ತೊಳೀತಾರ. ಕೇಳಿದವರಿಗೆ ಎರಡ ಸಲ ತೊಳೀತಾರ.” ಕೇಳುವವರು ಇರುವಾಗ ನಾನು ನಿಲ್ಲಿಸುವವಳಲ್ಲ, ಮುಂದುವರಿಸಿದೆ. “ಅಷ್ಟ ಅಲ್ಲ ತಂಗಿ, ಅವತ್ತಿನಿಂದ ಎರಡ ತಿಂಗಳಾಕಿ ಯಾರರೆ ಈ ಮೆಟ್ಟಲಾ ಹತ್ತಿದ್ಲಂದ್ರ ಸಾಕು, ಕೆಳಗಿನ ಮಗ್ಗ ತಾವ ತಾವ ನಿಂದರ್ತಾವು. ಸ್ವಿಚ್ ಮುಟ್ಟೂದ ಬ್ಯಾಡ. ಕರೆಂಟ್ ಕಂಪನಿಯವರು ಬಂದ ನೋಡಿ ಬೆರಗಾಗಿ, ಒಂದ ಮಗ್ಗ ಬಿಚ್ಚಿ ಜಮಖಂಡಿಗೆ ಒಯ್ದ್ರು. ಅಲ್ಲೂ ಅದು, ಬಸರಿ ಹೆಣಮಗಳು ಬಸ್ ಸ್ಟ್ಯಾಂಡಿಗೆ ಬಂದ್ಲಂದ್ರ, ವಾಯರ್ ಇಲ್ದ, ದಾರ ಇಲ್ದ, ತನ್ನಷ್ಟಕ್ಕ ತಾನ ಎದ್ದ ನಿಂತು...”

ಶೀತಲ್ ಎದ್ದಳು. ಮೆಟ್ಟಿಲ ಕಡೆ ತಿರುಗಲಿಲ್ಲ. ಚಪ್ಪಲಿ ಬಿಟ್ಟು, ಕರೆಯುವ ಮೊದಲೇ ಬಾಗಿಲು ತಳ್ಳಿ ಒಳಗೆ ಹೋದಳು. ಅವಳ ದನಿ ಹೊರಗಿನ ತನಕ ಕೇಳಿಸಿತು.

“ಸರ್, ಮೊದಲ ಕೈ ತೊಳ್ಕೋರಿ.”